ಮೆಟ್ ಮ್ಯೂಸಿಯಂನ 18 ಮೀಟರ್ ಚೀನೀ ಸುರುಳಿ: ಓದೋಕೆ ಬರದವ್ರು ಇದನ್ನ ಹೇಗೆ ನೋಡ್ಬೇಕು?

ಪಮ್ಮಿ_ಎಡಿಸನ್

ಎಲ್ರಿಗೂ ನಮಸ್ಕಾರ. ಊರಿಂದ ಅತ್ತೆ ಮಾವ ಬಂದಿದ್ರು ಅಂತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕರ್ಕೊಂಡ್ ಹೋಗಿದ್ವಿ, ಈಜಿಪ್ಟು ಗ್ರೀಸು ಎಲ್ಲಾ ಸುತ್ತೋ ಹೊತ್ತಿಗೆ ಮಾವನಿಗೆ ಮಂಡಿ ನೋವು ಶುರುವಾಗಿ ಎರಡನೇ ಮಹಡೀಲಿ ಸೂಜೌ ತೋಟದ ಮಾದರೀಲಿ ಕಟ್ಟಿರೋ ಅಂಗಳ ಇದೆಯಲ್ಲ, ಆಸ್ಟರ್ ಕೋರ್ಟು, ಅಲ್ಲಿ ಕೂತ್ಬಿಟ್ರು. ನಾನು ಸುಮ್ನೆ ಪಕ್ಕದ ಚೀನೀ ಗ್ಯಾಲರಿಗೆ ನುಗ್ದೆ. ಗಾಜಿನ ಕೇಸಲ್ಲಿ ಒಂದು ಉದ್ದಾನುದ್ದ ಕಾಗದದ ಸುರುಳಿ, ಅದರ ತುಂಬಾ ಕಪ್ಪು ಮಸಿ. ಬೋರ್ಡಲ್ಲಿ ಇದ್ದಿದ್ದು ಹುವಾಂಗ್ ಟಿಂಗ್‌ಜಿಯಾನ್ ಅನ್ನೋ ಹೆಸರು, "ಲಿಯೆನ್ ಪೋ ಮತ್ತು ಲಿನ್ ಶಿಯಾಂಗ್‌ರು ಅವರ ಜೀವನಚರಿತ್ರೆ" ಅಂತ, ಅಂದಾಜು 1095. ಪೂರ್ತಿ ಬಿಚ್ಚಿದ್ರೆ 18 ಮೀಟರಿಗಿಂತ ಜಾಸ್ತಿ ಉದ್ದವಂತೆ, ಸುಮಾರು 1200 ಅಕ್ಷರ. ಅಲ್ಲಿ ಬಿಚ್ಚಿಟ್ಟಿದ್ದು ಸ್ವಲ್ಪ ಭಾಗ ಮಾತ್ರ.

ನಿಜ ಹೇಳ್ತೀನಿ, ಮೊದಲು ನನಗೆ ಕಂಡಿದ್ದು ಗೀಚು. ಒಂದು ಅಕ್ಷರ ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಶುರು ಆಯ್ತು ಅಂತಾನೂ ತಿಳೀಲಿಲ್ಲ. ಪಕ್ಕದಲ್ಲಿ ನಿಂತಿದ್ದ ಚೀನೀ ಹುಡುಗೀನ ಕೇಳಿದ್ರೆ ಅವಳು ನಕ್ಬಿಟ್ಟು ನನಗೂ ಅಲ್ಲೊಂದು ಇಲ್ಲೊಂದು ಬಿಟ್ರೆ ಓದೋಕಾಗಲ್ಲ ಅಂದ್ಳು. ಆದ್ರೂ ಅವಳು ಅಲ್ಲೇ ತುಂಬಾ ಹೊತ್ತು ನಿಂತಿದ್ಳು, ನಾನೂ ಯಾಕೋ ನಿಂತೆ. ಒಂದು ಕಡೆ ದಪ್ಪ ಗೆರೆ ಹಾವಿನ ಹಾಗೆ ಇಳಿದು ಬಂದು ತಟಕ್ಕನೆ ನಿಂತು ಪಕ್ಕದಲ್ಲೇ ಮೂರ್ನಾಲ್ಕು ಚುಕ್ಕಿ, ಆಮೇಲೆ ಮತ್ತೆ ಗೆರೆ. ಏನೋ ಇದೆ ಅನ್ಸುತ್ತೆ, ಏನು ಅಂತ ಗೊತ್ತಾಗಲ್ಲ.

ಹಾಗಾಗಿ ಕೇಳ್ತಿದೀನಿ. ಅವರ ಭಾಷೆಯವ್ರಿಗೇ ಓದೋಕಾಗದ ಬರವಣಿಗೇನ ಯಾಕೆ ಬರೆಯೋದು, ಇದಕ್ಕೆ ನಿಯಮ ಅಂತ ಏನಾದ್ರೂ ಇದೆಯಾ ಅಥವಾ ಮನಸ್ಸಿಗೆ ಬಂದ ಹಾಗಾ? ಓದಕ್ಕೆ ಬರದೆ ಇರೋ ನಮ್ಮಂಥವ್ರು ಎಲ್ಲಿಂದ ನೋಡೋಕೆ ಶುರು ಮಾಡ್ಬೇಕು? ಈ ಲಿಯೆನ್ ಪೋ, ಲಿನ್ ಶಿಯಾಂಗ್‌ರು ಯಾರು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಉದ್ದ ಆದ್ರೂ ಪರವಾಗಿಲ್ಲ.

ಸುಮ್ನೆ_ಕೇಳ್ದೆ

ಪಮ್ಮಿಯವ್ರೇ ಕೋಪ ಮಾಡ್ಕೋಬೇಡಿ. ನಮ್ಮ ಡಾಕ್ಟರ್ ಬರೆದ ಚೀಟಿನೂ ಮೆಡಿಕಲ್ ಶಾಪಿನವನು ಬಿಟ್ರೆ ಯಾರಿಗೂ ಓದೋಕಾಗಲ್ಲ, ಅದನ್ನ ಯಾರೂ ಗಾಜಿನ ಪೆಟ್ಟಿಗೇಲಿ ಇಟ್ಟಿಲ್ಲ 😄 ಸಾವಿರ ವರ್ಷ ಹಳೇದು ಅಂತ ಬೆಲೆ ಬಂದಿರುತ್ತೆ ಅಷ್ಟೇ. ಹೆಸರು ಮುಚ್ಚಿ ಇಟ್ರೆ ಮಕ್ಕಳು ಗೀಚಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಯಾರಾದ್ರೂ ತೋರಿಸ್ಲಿ, ಒಪ್ಕೋತೀನಿ.

ಮಸಿಬಟ್ಲು

ತೋರಿಸ್ತೀನಿ ಬನ್ನಿ. ನಾನು ತೈಪೆಯಲ್ಲಿ ಚೈನೀಸ್ ಕಲೀತಿದ್ದಾಗ ಸಂಜೆ ಕುಂಚದ ಬರವಣಿಗೆ ಕ್ಲಾಸಿಗೂ ಹೋಗ್ತಿದ್ದೆ, ಕಲಾವಿದೆ ಏನಲ್ಲ, ಆದ್ರೆ ಆ ಕುಂಚ ಕೈಲಿ ಹಿಡಿದವ್ರಿಗೆ ಈ "ಮಕ್ಕಳ ಗೀಚು" ಅನ್ನೋ ಮಾತು ಬಾಯಿಗೆ ಬರಲ್ಲ. ಮೆತ್ತನೆ ಕೂದಲು, ತುದಿ ಸೂಜಿ ಥರ, ಒತ್ತಿದ್ರೆ ಹರಡುತ್ತೆ, ಎತ್ತಿದ್ರೆ ಸಣ್ಣಗಾಗುತ್ತೆ, ಒಂದು ಕ್ಷಣ ಕೈ ತಡೆದ್ರೆ ಅಲ್ಲೇ ಮಸಿ ಹೀರ್ಕೊಂಡು ಉಬ್ಬುತ್ತೆ. ಆಮೇಲೆ ತಿದ್ದೋ ಹಾಗಿಲ್ಲ, ತಿದ್ದಿದ್ರೆ ಎದ್ದು ಕಾಣುತ್ತೆ. ಹುವಾಂಗ್ ಬರೆದಿರೋದು 18 ಮೀಟರ್, ಆ ಅಳತೆಯ ಅಕ್ಷರಾನ ಮಣಿಕಟ್ಟು ಮೇಜಿಗೆ ಊರಿಕೊಂಡು ಬರೆಯೋಕಾಗಲ್ಲ, ಮೊಣಕೈ ಎತ್ತಿ ಗಾಳೀಲಿ ತೇಲಿಸಿಕೊಂಡೇ ಬರೀಬೇಕು. ಮಗು ಗೀಚಿದ ಗೆರೆ ಎಲ್ಲಾ ಕಡೆ ಒಂದೇ ದಪ್ಪ ಇರುತ್ತೆ ಅಥವಾ ಎಲ್ಲೆಂದರಲ್ಲಿ ಒಡೆದಿರುತ್ತೆ. ಇಲ್ಲಿ ಗೆರೆ ತಿರುಗೋ ಜಾಗದಲ್ಲೂ ಕುಂಚದ ತುದಿ ಗೆರೆಯ ನಡುವಲ್ಲೇ ಇದೆ. ಮೆಟ್‌ನ ವೆಬ್‌ಸೈಟಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿ, ಸುಳ್ಳಾದ್ರೆ ಬಂದು ಬೈರಿ.

ಇನ್ನು ನಿಯಮ. ಇದೆ, ಬೇಕಾದಷ್ಟಿದೆ. ಇದನ್ನ ತ್ಸಾವೊಶೂ ಅಂತಾರೆ, ಅಂದ್ರೆ ಅಕ್ಷರ ಮೊಟಕು ಮಾಡಿ ಓಡಿಸಿಕೊಂಡು ಬರೆಯೋ ಓಟದ ಬರಹ. ಹುಟ್ಟಿದ್ದು ಹಾನ್ ರಾಜವಂಶದ ಕಾಲದ ಗುಮಾಸ್ತರ ಕೈಯಲ್ಲಿ, ಅಂದ್ರೆ ಹೆಚ್ಚುಕಮ್ಮಿ ಎರಡು ಸಾವಿರ ವರ್ಷದ ಹಿಂದೆ, ದಿನಾ ರಾಶಿ ರಾಶಿ ಕಾಗದಪತ್ರ ಬರೀಬೇಕಿತ್ತಲ್ಲ, ಬೇಗ ಆಗ್ಲಿ ಅಂತ ಗೆರೆ ಕೂಡಿಸ್ತಾ ಬಿಡಿಸ್ತಾ ಹೋದ್ರು. ಆಮೇಲೆ ಅದೇ ಪದ್ಧತಿ ಆಯ್ತು. ಯಾವ ಅಕ್ಷರ ಹೇಗೆ ಮೊಟಕಾಗುತ್ತೆ ಅನ್ನೋದು ನಿಗದಿ, ಬರೆಯೋನ ಇಷ್ಟ ಅಲ್ಲ. ಉದಾಹರಣೆಗೆ ನೀರಿಗೆ ಸಂಬಂಧಪಟ್ಟ ಅಕ್ಷರಗಳ ಎಡಗಡೆ ಮೂರು ಹನಿ ಇರುತ್ತೆ, ಮಾತಿಗೆ ಸಂಬಂಧಪಟ್ಟದ್ದರ ಎಡಗಡೆ ಏಳು ಗೆರೆಯ ಒಂದು ದೊಡ್ಡ ಅಂಗ ಇರುತ್ತೆ, ಈ ಬರವಣಿಗೇಲಿ ಎರಡೂ ಸೊರಗಿ ಕೆಳಗಿಳಿಯೋ ಒಂದೇ ಸಣ್ಣ ಗೆರೆ ಆಗುತ್ತೆ. ಯಾವುದು ನೀರು ಯಾವುದು ಮಾತು ಅಂತ ಉಳಿದ ಭಾಗ ನೋಡಿ, ಹಿಂದೆ ಮುಂದೆ ಓದಿ ಹಿಡೀಬೇಕು. ಒಂದು ತಿರುವು ಎಡವಟ್ಟಾದ್ರೆ ಅದು ಬೇರೆ ಅಕ್ಷರ. ಅದಕ್ಕೇ ಆ ಹುಡುಗಿಗೆ ಓದೋಕಾಗ್ಲಿಲ್ಲ, ಶಾಲೇಲಿ ಇದನ್ನ ಕಲಿಸಲ್ಲ, ಬೇರೆಯಾಗಿ ಕಲೀಬೇಕು. ಆದ್ರೆ ಗೊತ್ತಿಲ್ಲದೆ ಅವಳು ದಿನಾ ಇದರ ತುಣುಕು ಬರೀತಾಳೆ. 1956ರಲ್ಲಿ ಚೀನಾ ಸರ್ಕಾರ ಸರಳ ಅಕ್ಷರ ಅಂತ ತಂತಲ್ಲ, ಅದರಲ್ಲಿ ಪುಸ್ತಕ, ಬಂಡಿ, ಪೂರ್ವ ಇಂಥ ಎಷ್ಟೋ ಅಕ್ಷರ ಈ ಹಳೇ ಓಟದ ರೂಪದಿಂದ ಎತ್ತಿಕೊಂಡಿದ್ದು.

ಎಲ್ಲಿಂದ ನೋಡೋದು ಅಂದ್ರಲ್ಲ. ಬಲಗಡೆಯಿಂದ. ಮೇಲಿಂದ ಕೆಳಗೆ ಒಂದು ಸಾಲು, ಆಮೇಲೆ ಎಡಕ್ಕೆ ಮುಂದಿನ ಸಾಲು. ನಾವು ಎಡದಿಂದ ನಡ್ಕೊಂಡು ಹೋಗಿಬಿಟ್ಟರೆ ಸಿನಿಮಾ ಕ್ಲೈಮ್ಯಾಕ್ಸಿಂದ ಹಿಂದಕ್ಕೆ ಓಡಿಸಿದ ಹಾಗೆ. ಒಂದು ದಪ್ಪ ಕಪ್ಪು ಅಕ್ಷರ ಹುಡುಕಿ, ಅದು ಆಗಷ್ಟೇ ಮಸಿ ಅದ್ದಿದ ಜಾಗ. ಅಲ್ಲಿಂದ ಕೆಳಗೆ ಬನ್ನಿ, ಮಸಿ ಕಮ್ಮಿ ಆಗ್ತಾ ಆಗ್ತಾ ಗೆರೆ ಒಣಗಿ ಒಳಗೆ ಬಿಳಿ ಬಿಳಿ ಕಾಗದ ಕಾಣ್ಸುತ್ತೆ, ಕುಂಚದ ಕೂದಲು ಬೇರೆ ಬೇರೆ ಆಗಿ ಎಳೆ ಬಿಟ್ಟಿರುತ್ತೆ, ಆಮೇಲೆ ತಟ್ಟಂತ ಮತ್ತೆ ಕಪ್ಪು. ಅಂದ್ರೆ ಮತ್ತೆ ಅದ್ದಿದಾನೆ. ಈ ಅದ್ದು, ಓಡು, ಒಣಗು, ಅದ್ದು ಅನ್ನೋ ಲೆಕ್ಕ ಒಂದು ಸಲ ಸಿಕ್ಕಿಬಿಟ್ರೆ ಅವನು ಎಲ್ಲಿ ನಿಂತ, ಎಲ್ಲಿ ರಭಸವಾಗಿ ಹೋದ ಅಂತ ನಿಮಗೇ ಗೊತ್ತಾಗುತ್ತೆ. ಅಕ್ಷರ ಗೊತ್ತಿರ್ಬೇಕು ಅಂತಿಲ್ಲ.

ನೀವು ಚುಕ್ಕಿ ಕಂಡ್ರಲ್ಲ, ಅದು ನೋಡಿ ಹುವಾಂಗನ ಕೈ. ಬೇರೆಯವ್ರು ಗೆರೆ ಎಳೆದು ಕೂಡಿಸೋ ಕಡೆ ಇವನು ಗೆರೇನ ಮುರಿದು ಚುಕ್ಕಿ ಮಾಡ್ತಾನೆ. ಉದ್ದ ಗೆರೆ ಸುತ್ತಿ ಸುತ್ತಿ ಬಂದು, ಟಕ್ ಟಕ್ ಟಕ್ ಅಂತ ಮೂರು ಚುಕ್ಕಿ, ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿಕೊಂಡಿರುತ್ತೆ. ಹಾಗಾಗಿ ನೋಡೋಕೆ ಹುಚ್ಚು ವೇಗ ಅನ್ಸಿದ್ರೂ ಇದು ವೇಗದ ಬರಹ ಅಲ್ಲ, ತುಂಬಾ ಕಡೆ ಅವನು ನಿಧಾನವಾಗಿ, ಬೇಕು ಅಂತಲೇ ತಡೆದು ತಡೆದು ಬರೆದಿದಾನೆ ಅಂತ ನನ್ನ ಅಭಿಪ್ರಾಯ.

ಕತೆ ಯಾರಾದ್ರೂ ಹೇಳಿ, ನನಗೆ ಟೈಪ್ ಮಾಡಿ ಕೈ ನೋವು.

ದಫ್ತರದ_ಗುಮಾಸ್ತ

ಕತಿ ನಾ ಹೇಳ್ತೇನಿ. ಅದಕ್ಕೂ ಮೊದ್ಲ ಸುಮ್ನೆ_ಕೇಳ್ದೆ ಅವರಿಗೆ ಒಂದು ಮಾತು. ನಮ್ಮ ಧಾರವಾಡ ಬೆಳಗಾವಿ ಕಡೆ ಹಳೇ ಕಾಗದಪತ್ರ ಮೋಡಿ ಲಿಪಿಯೊಳಗ ಅದಾವ, ಲೇಖಣಿಕಿ ಎತ್ತದಂಗ ಓಡಿಸಿಕೋತ ಬರದದ್ದು. ಇವತ್ತ ಮರಾಠಿ ಸರಾಗ ಓದೂ ಮಂದಿಗೂ ಅದು ಓದಾಕ ಬರೂದಿಲ್ಲ. ಹಂಗಂತ ಅದು ಗೀಚ ಅಲ್ಲ, ಅದರಾಗ ಹೊಲದ ಗಡಿ, ಕೊಟ್ಟ ರೊಕ್ಕ ಎಲ್ಲಾ ಬರೋಬ್ಬರಿ ಐತಿ. ಓದೂ ಮಂದಿ ಕಡಿಮಿ ಆಗ್ಯಾರ ಅಷ್ಟ.

ಈಗ ಕತಿ ಕೇಳ್ರಿ. ಇದನ್ನ ಮೊದಲು ಬರದಾಂವ ಸಿಮಾ ಚಿಯೆನ್, ಹಾನ್ ಕಾಲದ ದೊಡ್ಡ ಇತಿಹಾಸಕಾರ. ಹುವಾಂಗ್ ಅಂವನ ಪುಸ್ತಕದ ಮಾತನ್ನ ನಕಲು ಮಾಡ್ಯಾನ. ಕತಿ ನಡದದ್ದು ಕ್ರಿಸ್ತಪೂರ್ವ ಮೂರನೇ ಶತಮಾನದಾಗ. ಆಗ ಚೀನಾ ಒಂದ ರಾಜ್ಯ ಅಲ್ಲ, ಏಳೆಂಟು ರಾಜ್ಯ ಬಡದಾಡತಿದ್ದು. ಚಿನ್ ಅನ್ನೂದು ಭಾಳ ಬಲಾಢ್ಯ ರಾಜ್ಯ, ಝಾವೊ ಅದಕಿಂತ ಸಣ್ಣದು. ಲಿಯೆನ್ ಪೋ ಅಂದ್ರ ಝಾವೊದ ಹೆಸರುವಾಸಿ ಸೇನಾಪತಿ. ಲಿನ್ ಶಿಯಾಂಗ್‌ರು ಅಂದ್ರ ಅರಮನ್ಯಾಗಿನ ಒಬ್ಬ ಅಧಿಕಾರಿ ಮನ್ಯಾಗ ಇದ್ದ ಆಳು, ಯಾರಿಗೂ ಗೊತ್ತಿಲ್ಲದಾಂವ.

ಝಾವೊ ರಾಜನ ಕಡೆ ಒಂದು ಅಪರೂಪದ ಜೇಡ್ ಕಲ್ಲಿನ ಚಕ್ರ ಇತ್ತು. ಚಿನ್ ರಾಜ ಹೇಳಿ ಕಳಸಿದ, ಅದನ್ನ ಕೊಡ್ರಿ, ನಾ 15 ಊರು ಕೊಡ್ತೇನಿ ಅಂತ. ಕೊಟ್ರ ಊರು ಬರೂದಿಲ್ಲ, ಕೊಡಲಿಲ್ಲಂದ್ರ ದಂಡು ಬರ್ತದ. ಯಾರನ್ನ ಕಳಸೂದು? ಈ ಲಿನ್ ನಾ ಹೋಗ್ತೇನಿ, ಊರು ಸಿಕ್ರ ಕಲ್ಲು ಅಲ್ಲೇ, ಸಿಗಲಿಲ್ಲಂದ್ರ ಕಲ್ಲು ವಾಪಸ್ ತರ್ತೇನಿ ಅಂದ. ಹೋದ. ಚಿನ್ ರಾಜ ಕಲ್ಲು ಇಸಕೊಂಡು ತನ್ನ ಹೆಣ್ಮಕ್ಕಳಿಗೆ ತೋರಸ್ತಾನ, ಮಂದಿ ಎಲ್ಲಾ ಜೈ ಜೈ ಅಂತಾರ, ಊರಿನ ಮಾತೇ ಇಲ್ಲ. ಆಗ ಲಿನ್ ಅಂದ, ಮಹಾರಾಜ್ರ, ಅದರಾಗ ಒಂದು ಸಣ್ಣ ಕಲೆ ಐತಿ, ತರ್ರಿ ತೋರಸ್ತೇನಿ. ಕೈಗೆ ಬಂದಿದ್ದ ತಡ, ಕಂಬಕ್ಕ ಬೆನ್ನು ಹಚ್ಚಿ ನಿಂತ, ಸಿಟ್ಟಿಗೆ ತಲಿಕೂದ್ಲ ಟೊಪ್ಪಿಗಿ ಎತ್ತಿ ನಿಂತುವಂತ, ನನ್ನ ಮ್ಯಾಲೆ ಬಿದ್ರಿ ಅಂದ್ರ ನನ್ನ ತಲಿ, ಈ ಕಲ್ಲು ಎರಡೂ ಇದ ಕಂಬಕ್ಕ ಒಡದು ಹಾಕ್ತೇನಿ ಅಂದ. ರಾಜ ಅಂಜಿ ನಕಾಶೆ ತರಿಸಿ ಇದು ಇದು ಊರು ಕೊಡ್ತೇನಿ ಅಂತ ಬೊಟ್ಟು ಮಾಡಿ ತೋರಿಸಿದ. ಲಿನ್ ನಂಬಲಿಲ್ಲ. ಐದು ದಿನ ಉಪವಾಸ ವ್ರತ ಮಾಡ್ರಿ ಆಮ್ಯಾಲ ಕೊಡ್ತೇನಿ ಅಂದು, ಅಷ್ಟರಾಗ ತನ್ನ ಮನುಷ್ಯಾನ ಕೈಲೆ ಕಲ್ಲು ಗುಟ್ಟಾಗಿ ಊರಿಗೆ ಮುಟ್ಟಿಸಿಬಿಟ್ಟ.

ಮುಂದ ಎರಡೂ ರಾಜರು ಭೇಟ್ಟಿ ಆದಾಗ ಚಿನ್ ರಾಜ ಝಾವೊ ರಾಜನ ಕಡಿಂದ ವಾದ್ಯ ಬಾರಿಸಿ, ಬಾರಿಸಿದ ಅಂತ ದಫ್ತರದಾಗ ಬರಸಿದ, ಅವಮಾನ ಮಾಡಬೇಕಂತ. ಲಿನ್ ಒಂದು ಮಣ್ಣಿನ ಗಡಿಗಿ ತಗೊಂಡು ಚಿನ್ ರಾಜನ ಮುಂದ ಮೊಣಕಾಲೂರಿ, ನೀವೂ ಇದನ್ನ ಬಾರಿಸ್ರಿ, ಇಲ್ಲಂದ್ರ ಐದು ಹೆಜ್ಜಿ ಒಳಗ ನನ್ನ ಕೊಳ್ಳಿನ ರಕ್ತ ನಿಮ್ಮ ಮೈಮ್ಯಾಲ ಸಿಡೀತದ ಅಂದ. ಬಾರಿಸಿದ ಪಾಪ ಒಂದ ಸಲ. ಅದನ್ನೂ ಬರಸಿದ್ರು!

ಇಷ್ಟಾದ ಮ್ಯಾಲ ಲಿನ್‌ಗ ಲಿಯೆನ್ ಪೋಗಿಂತ ಮ್ಯಾಲಿನ ಪದವಿ ಸಿಕ್ಕತು. ಸೇನಾಪತಿಗೆ ಉರಿ. ನಾ ರಣದಾಗ ರಕ್ತ ಸುರಿಸೇನಿ, ಇಂವ ಬರೇ ನಾಲಗಿ ಓಡಿಸ್ಯಾನ, ಮ್ಯಾಲ ಕೀಳ ಮನೆತನದಾಂವ, ಸಿಗಲಿ ಮಾನ ಕಳೀತೇನಿ ಅಂದ. ಲಿನ್ ತಪ್ಪಿಸಿಕೊಂಡು ತಿರಗತಾನ. ದಾರ್ಯಾಗ ಸೇನಾಪತಿ ಬಂಡಿ ಕಂಡ್ರ ತನ್ನ ಬಂಡಿ ಹೊಳ್ಳಿಸಿ ಅಡಗತಾನ. ಅಂವನ ಮಂದಿನ ನಾಚಿಕಿ ಪಟ್ಟು ನಾವು ಊರಿಗೆ ಹೋಗ್ತೇವಿ ಅಂದ್ರು. ಆಗ ಲಿನ್ ಹೇಳಿದ್ದು: ಚಿನ್ ರಾಜ ದೊಡ್ಡಾಂವೋ ಲಿಯೆನ್ ಪೋ ದೊಡ್ಡಾಂವೋ? ಅಂಥಾ ಚಿನ್ ರಾಜಗ ಅವನ ದರ್ಬಾರದಾಗ ಗದರಿಸಿದಾಂವ ನಾ, ಈ ಸೇನಾಪತಿಗೆ ಅಂಜ್ತೇನೇನು? ಚಿನ್ ನಮ್ಮ ಮ್ಯಾಲೆ ದಂಡೆತ್ತಿ ಬರದಂಗ ಇರೂದು ನಾವಿಬ್ಬರೂ ಇದ್ದೇವಿ ಅಂತ. ಎರಡು ಹುಲಿ ಬಡದಾಡಿದ್ರ ಎರಡೂ ಉಳಿಯೂದಿಲ್ಲ. ನಾಡಿನ ಕೆಲಸ ಮೊದ್ಲ, ನನ್ನ ಹಗಿತನ ಆಮ್ಯಾಲ.

ಸಿಮಾ ಚಿಯೆನ್ ಪುಸ್ತಕದಾಗ ಮುಂದ ಐತಿ. ಈ ಮಾತು ಸೇನಾಪತಿ ಕಿವಿಗೆ ಬಿದ್ದು, ಭುಜ ಬರಿದು ಮಾಡಿಕೊಂಡು ಬೆನ್ನ ಮ್ಯಾಲ ಮುಳ್ಳಿನ ಕಟ್ಟಿಗಿ ಹೊತ್ತು ಲಿನ್ ಮನಿ ಬಾಗಲಕ್ಕ ಬಂದು ನನ್ನ ಹೊಡೀರಿ ಅಂತ ನಿಂತ, ಇಬ್ಬರೂ ಪ್ರಾಣದ ಗೆಳ್ಯಾರಾದ್ರು. ಆದ್ರ ಮಜಾ ಏನಂದ್ರ ಹುವಾಂಗನ ಸುರುಳಿಯೊಳಗ ಇದು ಇಲ್ಲ. "ನನ್ನ ಹಗಿತನ ಆಮ್ಯಾಲ" ಅನ್ನೂ ಮಾತಿಗೆ ಕುಂಚ ಕೆಳಗಿಟ್ಟುಬಿಟ್ಟಾನ.

ಪಮ್ಮಿ_ಎಡಿಸನ್

ದಫ್ತರದವ್ರೇ ಆಫೀಸಲ್ಲಿ ಕೂತ್ಕೊಂಡು ಓದ್ತಿದ್ದೆ, ಗಡಿಗೆ ಬಾರಿಸಿದ ಕಡೆ ಜೋರಾಗಿ ನಕ್ಬಿಟ್ಟೆ 😂 ಆದ್ರೆ ರಾಜಿ ಆಗೋ ಸೀನೇ ಅಲ್ವಾ ಎಲ್ಲಕ್ಕಿಂತ ಚೆನ್ನಾಗಿರೋದು? 1200 ಅಕ್ಷರ ಬರೆದವ್ನು ಅದೊಂದನ್ನ ಯಾಕೆ ಬಿಟ್ಟ? ಕಾಗದ ಮುಗೀತಾ?

ಮಸಿಬಟ್ಲು

ಕಾಗದದ ಪ್ರಶ್ನೆ ಅಲ್ಲ ಪಮ್ಮಿ. ಅವನ ಆ ಹೊತ್ತಿನ ಪರಿಸ್ಥಿತಿ ನೋಡಿ.

1069ರಿಂದ, ಆಗ ಚೀನಾ ಆಳ್ತಿದ್ದ ಸೋಂಗ್ ವಂಶದ ದರ್ಬಾರಲ್ಲಿ ಎರಡು ಬಣ. ವಾಂಗ್ ಅನ್‌ಶಿ ಅನ್ನೋ ಮಂತ್ರಿ ಸಾಲ, ತೆರಿಗೆ, ಸೇನೆ, ಪರೀಕ್ಷೆ ಎಲ್ಲದರಲ್ಲೂ ಹೊಸ ಕಾನೂನು ತಂದ. ಒಂದು ಬಣ ಅದರ ಪರ, ಇನ್ನೊಂದು ಬಣ ವಿರೋಧ. ವಿರೋಧದವರಲ್ಲಿ ಕವಿ ಸು ಶಿ ಇದ್ದ, ಹುವಾಂಗ್ ಅವನ ಆಪ್ತ, ಶಿಷ್ಯ ಅಂದ್ರೂ ಸರಿ. ಯಾವ ಬಣ ಮೇಲೆ ಬಂದ್ರೂ ಇನ್ನೊಂದು ಬಣದವ್ರನ್ನ ಗಡೀಪಾರು ಮಾಡೋದು, ಹೀಗೇ ನಡೀತು. ಹುವಾಂಗ್ ಹಿಂದಿನ ಚಕ್ರವರ್ತಿ ಶೆನ್‌ಜೋಂಗನ ಕಾಲದ ಅಧಿಕೃತ ಇತಿಹಾಸ ಬರೆಯೋ ತಂಡದಲ್ಲಿ ಕೆಲಸ ಮಾಡಿದ್ದ. 1094ರಲ್ಲಿ ಎದುರು ಬಣ ಮತ್ತೆ ಗದ್ದುಗೆಗೆ ಬಂದಾಗ ಆ ಇತಿಹಾಸದಲ್ಲಿ ಸಾವಿರಕ್ಕೂ ಜಾಸ್ತಿ ಕಡೆ ಆಧಾರ ಇಲ್ಲ ಅಂತ ಗುರುತು ಹಾಕಿ ವಿಚಾರಣೆಗೆ ಕರೆದ್ರು, ಪರಿಶೀಲಿಸ್ತಾ ಹೋದ್ರೆ ಎಲ್ಲದಕ್ಕೂ ಆಧಾರ ಇತ್ತು, ಕೊನೆಗೆ ಉಳಿದಿದ್ದು 32. ಅದರಲ್ಲಿ ಒಂದು, ಹಳದಿ ನದಿಯ ಹೂಳು ಎತ್ತೋಕೆ ಕಬ್ಬಿಣದ "ಡ್ರ್ಯಾಗನ್ ಉಗುರು" ಅಂತ ಒಂದು ಸಾಧನ ಬಳಸಿದ್ರಲ್ಲ, ಅದು ಮಕ್ಕಳಾಟ ಇದ್ದ ಹಾಗೆ ಇತ್ತು ಅಂತ ಹುವಾಂಗ್ ಬರೆದಿದ್ದ. ಮೊದಲನೇ ಪ್ರಶ್ನೇನೇ ಅದು. ಆಸಾಮಿ ಏನಂದ ಗೊತ್ತಾ? ಆಗ ನಾನು ಅಲ್ಲೇ ಅಧಿಕಾರದಲ್ಲಿದ್ದೆ, ಕಣ್ಣಾರೆ ನೋಡಿದೀನಿ, ನಿಜವಾಗ್ಲೂ ಮಕ್ಕಳಾಟಾನೇ ಅಂದ. ಹೋದ ಸೀದಾ ಗಡೀಪಾರು, ಈಗಿನ ಚೊಂಗ್‌ಚಿಂಗ್ ಹತ್ರ ಬೆಟ್ಟದ ಸಂದೀಲಿರೋ ಚಿಯೆನ್‌ಜೌಗೆ. ಸು ಶಿನ ದಕ್ಷಿಣಕ್ಕೆ ದಬ್ಬಿದ್ರು, ಕೊನೆಗೆ ಹೈನಾನ್ ದ್ವೀಪದವರೆಗೆ.

ಈ ಸುರುಳಿ ಆ ಹೊತ್ತಿನದು, ಅಂದಾಜು 1095. ಈಗ ಮತ್ತೆ ಆ ಕೊನೇ ಸಾಲು ಓದಿ. ಎರಡು ಹುಲಿ ಕಾದಾಡಿದ್ರೆ ಎರಡೂ ಉಳಿಯಲ್ಲ, ನಾಡು ಮೊದಲು, ಸ್ವಂತ ಹಗೆ ಆಮೇಲೆ. ರಾಜಿ ಆಗೋ ಸೀನು ಬರೆಯೋಕೆ ಅವನ ಕಾಲದಲ್ಲಿ ಯಾರೂ ಮುಳ್ಳು ಹೊತ್ಕೊಂಡು ಬಂದಿರ್ಲಿಲ್ಲ. ಮೆಟ್‌ನವರೂ ಇದನ್ನ ಹೀಗೇ ಓದ್ತಾರೆ, ನನಗೂ ಅದೇ ಸರಿ ಅನ್ಸುತ್ತೆ. ನೇರವಾಗಿ ಬೈದಿದ್ರೆ ಇನ್ನೊಂದು ವಿಚಾರಣೆ ಆಗೋದು. ಸಾವಿರ ವರ್ಷ ಹಳೇ ಪುಸ್ತಕದ ನಕಲು ಬರೆದವನ ಮೇಲೆ ಏನಂತ ಕೇಸ್ ಹಾಕ್ತೀರ? ಓದಿಕೊಂಡವ್ರಿಗೆ ಮುಂದಿನ ಭಾಗ ಬಾಯಿಪಾಠ, ಬಿಟ್ಟಿದ್ದು ಏನು ಅಂತ ಅವ್ರಿಗೆ ತಕ್ಷಣ ಗೊತ್ತಾಗುತ್ತೆ.

ಅವನು ಮತ್ತೆ ರಾಜಧಾನೀಲಿ ನೆಲೆ ಕಾಣ್ಲೇ ಇಲ್ಲ. ನಡುವೆ ಸ್ವಲ್ಪ ಬಿಡುಗಡೆ ಸಿಕ್ಕಿತ್ತು, ಆಮೇಲೆ ಇನ್ನೂ ದೂರ ಗುವಾಂಗ್‌ಶಿ ಕಡೆ ಯಿಜೌಗೆ ಕಳಿಸಿದ್ರು, 1105ರಲ್ಲಿ ಅಲ್ಲೇ ತೀರ್ಕೊಂಡ.

ಕರಾವಳಿ_ಕಾಕ

ಮಾರಾಯ್ರೆ, ಕತೆ ಎಲ್ಲ ಚಂದ ಉಂಟು, ಆದ್ರೆ ನನಗೆ ಒಂದು ತಕರಾರು. ಹೀಗೆ ರಾಜಕೀಯ ಎಲ್ಲ ಹೇಳಿದ ಮೇಲೆ ಜನ ಗೆರೆ ನೋಡೋದೇ ಬಿಟ್ಟುಬಿಡ್ತಾರೆ. ಬೋರ್ಡು ಓದಿ, ಓ ಗಡೀಪಾರು ಅಂತೆ ಪಾಪ, ಅಂತ ಹೇಳಿ ಮುಂದಿನ ಕೇಸಿಗೆ ಹೋಗೋದು. ನಾನು ಗ್ರಾಫಿಕ್ ಡಿಸೈನ್ ಮಾಡುವವ, ನನಗೆ ಆ ಕತೆ ಬೇಡ್ವೇ ಬೇಡ. ಒಂದು ಸಾಲಲ್ಲಿ ಮೂರೇ ದೊಡ್ಡ ಅಕ್ಷರ ಹಾಕಿ ಪಕ್ಕದ ಸಾಲಲ್ಲಿ ಆರೇಳು ಸಣ್ಣದು ತುರುಕಿದಾನಲ್ಲ, ಎಲ್ಲಾದ್ರೂ ಡಿಕ್ಕಿ ಹೊಡೀತದಾ ಅಂತ ನೋಡಿದ್ರೆ ಇಲ್ಲ, ಒಂದರ ಬಾಲ ಪಕ್ಕದ್ದರ ಖಾಲಿ ಜಾಗಕ್ಕೆ ಸರಿಯಾಗಿ ಹೋಗಿ ಕೂತಿರ್ತದೆ. ಆ ಖಾಲಿ ಬಿಳಿ ಜಾಗ ನೋಡ್ಲಿಕ್ಕೆ ಕಲಿಯಿರಿ ಮೊದಲು. ಕೆಂಪು ಮುದ್ರೆಗಳನ್ನ ಲೆಕ್ಕಕ್ಕೆ ತಗೊಳ್ಬೇಡಿ, ಅದು ಆಮೇಲೆ ಬಂದ ಮಾಲೀಕರು ಒತ್ತಿದ್ದು.

ಮತ್ತೆ ಇಷ್ಟು ಗಂಭೀರ ಆಗೋದೂ ಬೇಡ. ಹುವಾಂಗ್ ಮತ್ತೆ ಸು ಶಿ ಒಬ್ಬರ ಕೈಬರಹ ಒಬ್ಬರು ತಮಾಷೆ ಮಾಡಿದ್ದು ಗೊತ್ತುಂಟಾ? ಸು ಶಿ ಹೇಳಿದನಂತೆ, ನಿನ್ನ ಅಕ್ಷರ ಗಟ್ಟಿ ಉಂಟು ಮಾರಾಯ, ಆದ್ರೆ ಗೆರೆ ತೆಳ್ಳಗಾಗಿ ಮರದ ತುದಿಗೆ ನೇತು ಹಾಕಿದ ಹಾವಿನ ಹಾಗೆ ಕಾಣ್ತದೆ ಅಂತ. ಹುವಾಂಗ್ ಬಿಟ್ಟನಾ? ಗುರುಗಳೇ ನಿಮ್ಮ ಅಕ್ಷರದ ಬಗ್ಗೆ ನಾನು ಹಗುರವಾಗಿ ಮಾತಾಡ್ಲಿಕ್ಕಿಲ್ಲ, ಆದ್ರೆ ಕೆಲವು ಸಲ ಕಲ್ಲಿನಡಿ ಸಿಕ್ಕಿ ಚಪ್ಪಟೆ ಆದ ಕಪ್ಪೆ ಹಾಗೆ ಉಂಟು ಅಂದ. ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ. ಪಮ್ಮಿಯವ್ರೂ ಹಾವು ಅಂತಲೇ ಬರೆದಿದ್ದಾರೆ ನೋಡಿ, ಒಂಬೈನೂರು ವರ್ಷ ಆದ್ರೂ ಹಾವು ಹಾವೇ!

ದಫ್ತರದ_ಗುಮಾಸ್ತ

ಕಾಕ ಅವರ, ಅರ್ಥ ಬ್ಯಾಡ ಅಂದ್ರ ಹೆಂಗ್ರಿ? ಅಂವ ಬರದದ್ದು ಬರೇ ಆಕಾರ ಅಲ್ಲ, ಮಾತು. ಬಿಳೀ ಜಾಗ ನೋಡೂನು, ಬ್ಯಾಡ ಅನ್ನೂದಿಲ್ಲ. ಆದ್ರ "ಹುಲಿ" ಅನ್ನೂ ಅಕ್ಷರ ಬರೀವಾಗ ಅಂವನ ಕೈ ಏನು ಮಾಡ್ತು ಅಂತ ನೋಡಬೇಕಂದ್ರ, ಅಲ್ಲಿ ಹುಲಿ ಐತಿ ಅಂತ ಗೊತ್ತಿರಬೇಕಲ್ಲ.

ಮಸಿಬಟ್ಲು

ಇಬ್ಬರ ಜಗಳ ನೋಡೋಕೆ ಚೆನ್ನಾಗಿದೆ, ನಾನು ದಫ್ತರದವ್ರ ಪಾರ್ಟಿ. ಆದ್ರೆ ಪಮ್ಮಿಗೆ ಈ ವಾರಾನೇ ಮಾಡಬಹುದಾದ ಒಂದು ಕೆಲಸ ಹೇಳ್ತೀನಿ, ಅದರಲ್ಲಿ ಇಬ್ಬರದೂ ನಡೆಯುತ್ತೆ.

ಮೆಟ್‌ನ ಸೈಟಲ್ಲಿ ಈ ಸುರುಳಿ ಚಿತ್ರ ಬಿಟ್ಟಿ ಇದೆ, ಡೌನ್‌ಲೋಡ್ ಮಾಡ್ಕೊಳ್ಳಿ. ಮ್ಯೂಸಿಯಂನಲ್ಲಿ ಬೆಳಕು ಬಿದ್ದು ಕಾಗದ ಹಾಳಾಗುತ್ತೆ ಅಂತ ಕೆಲವು ತಿಂಗಳು ಇಟ್ಟು ಮತ್ತೆ ಒಳಗೆ ಹಾಕ್ತಾರೆ, ಸ್ಕ್ರೀನಲ್ಲಿ ಆ ತೊಂದ್ರೆ ಇಲ್ಲ. ಅಷ್ಟೇ ಅಲ್ಲ, ಇದನ್ನ ಮಾಡಿದ್ದೇ ಮೇಜಿನ ಮೇಲಿಟ್ಟು ಎಡಗೈಯಿಂದ ಬಿಚ್ತಾ ಬಲಗೈಯಿಂದ ಸುತ್ತುತಾ ಒಂದು ಸಲಕ್ಕೆ ಒಂದು ತೋಳಿನಷ್ಟು ಉದ್ದ ಮಾತ್ರ ನೋಡೋಕೆ. ಲ್ಯಾಪ್‌ಟಾಪ್ ಪರದೆ ಅದಕ್ಕೆ ಹತ್ರ ಹತ್ರ ಸರಿ ಹೋಗುತ್ತೆ.

ಈಗ "ರಾಜ" ಅನ್ನೋ ಅಕ್ಷರ ಹುಡುಕಿ. ಮುದ್ರಣದಲ್ಲಿ ಅದು ತುಂಬಾ ಸುಲಭ, ಅಡ್ಡಕ್ಕೆ ಮೂರು ಗೆರೆ, ಮೂರನ್ನೂ ಕೂಡಿಸಿ ನಡುವೆ ಒಂದು ನೆಟ್ಟಗಿನ ಗೆರೆ, ಅಷ್ಟೇ. ದಫ್ತರದವ್ರು ಹೇಳಿದ ಕತೇಲಿ ಚಿನ್ ರಾಜ, ಝಾವೊ ರಾಜ ಅಂತ ಎಷ್ಟು ಸಲ ಬಂತು ನೋಡಿ, ಹಾಗಾಗಿ ಸುರುಳಿ ತುಂಬಾ ಈ ಅಕ್ಷರ ಸಿಗುತ್ತೆ. ಓಟದ ಬರಹದಲ್ಲಿ ಮೊದಲ ಅಡ್ಡಗೆರೆ ಆದ ಮೇಲೆ ನೆಟ್ಟಗೆ ಇಳಿದು, ಕುಂಚ ಎತ್ತದೇ ಸುತ್ತಿ ಬಂದು ಉಳಿದ ಎರಡು ಅಡ್ಡಗೆರೆ ಒಂದೇ ಸುಳಿಯಲ್ಲಿ ಮುಗಿಯುತ್ತೆ. ಆ ದಾರೀನ ಬೆರಳಲ್ಲಿ ಮೇಜಿನ ಮೇಲೆ ನಾಲ್ಕೈದು ಸಲ ಬರೀರಿ, ಆಮೇಲೆ ಸುರುಳೀಲಿ ಕಣ್ಣಿಗೆ ತಾನಾಗೇ ಬೀಳೋಕೆ ಶುರುವಾಗುತ್ತೆ. ಸಿಕ್ಕಿದ್ದನ್ನೆಲ್ಲಾ ಪಕ್ಕ ಪಕ್ಕ ಇಟ್ಟು ನೋಡಿ, ಒಂದೇ ಅಕ್ಷರ ಒಂದು ಕಡೆ ಅಗಲವಾಗಿ ಕಾಲು ಚಾಚಿ ಕೂತಿರುತ್ತೆ, ಇನ್ನೊಂದು ಕಡೆ ಮೇಲಿನ ಅಕ್ಷರದ ಬಾಲಕ್ಕೆ ಅಂಟಿಕೊಂಡು ಸಣ್ಣಗೆ. ಯಾಕೆ ಹಾಗೆ ಮಾಡಿದ ಅಂತ ಸುತ್ತಮುತ್ತ ನೋಡೋಕೆ ಹೊರಟ್ರೆ ಕಾಕ ಅವ್ರ ಬಿಳಿ ಜಾಗಕ್ಕೆ ಬಂದು ಮುಟ್ತೀರ.

ಸುಮ್ನೆ_ಕೇಳ್ದೆ ಅವ್ರೇ, ನೀವೂ ಮಾಡಿ ನೋಡಿ. ಒಂದು ಅಗ್ಗದ ಚೀನೀ ಕುಂಚ ತರಿಸಿಕೊಂಡು ಅದೇ "ರಾಜ"ನ್ನ ಒಂದು ಹಾಳೆ ತುಂಬಾ ಬರೆದು ಫೋಟೋ ಇಲ್ಲಿ ಹಾಕಿ.

ಸುಮ್ನೆ_ಕೇಳ್ದೆ

ಮೇಡಂ ಕುಂಚ ಗಿಂಚ ನನ್ನ ಕೈಲಾಗಲ್ಲ 😅 ಚಿತ್ರ ದೊಡ್ಡದು ಮಾಡಿ ನೋಡ್ದೆ, ಮಸಿ ಒಣಗಿರೋ ಜಾಗ ನೀವು ಹೇಳಿದ ಹಾಗೇ ಇದೆ, ಮಕ್ಕಳ ಗೀಚು ಅಂತ ಇನ್ಮೇಲೆ ಅನ್ನಲ್ಲ. ಇಷ್ಟ ಆಯ್ತಾ ಅಂದ್ರೆ ಇನ್ನೂ ಇಲ್ಲ. ಅದಿರ್ಲಿ, ಇವನು ಇದನ್ನ ಯಾರ ಹತ್ರ ಕಲಿತ? ಸು ಶಿದು ಕಪ್ಪೆ ಅಂದ ಮೇಲೆ ಅವನ ಹತ್ರ ಅಂತೂ ಅಲ್ಲ.

ಮಸಿಬಟ್ಲು

ಒಳ್ಳೇ ಪ್ರಶ್ನೆ. ಮುಖ್ಯವಾಗಿ ಹುವಾಯ್‌ಸು ಅನ್ನೋ ತಾಂಗ್ ಕಾಲದ ಬೌದ್ಧ ಸನ್ಯಾಸಿಯಿಂದ, ಇವನಿಗಿಂತ ಮುನ್ನೂರು ವರ್ಷ ಮುಂಚಿನವನು. ಕುಡುಕ ಸನ್ಯಾಸಿ ಅಂತಲೇ ಹೆಸರು. ಬಡತನಕ್ಕೆ ಕಾಗದ ಕೊಳ್ಳೋಕಾಗದೆ ಬಾಳೆ ಗಿಡ ನೆಟ್ಟು ಎಲೆ ಮೇಲೆ ಅಭ್ಯಾಸ ಮಾಡ್ತಿದ್ದ ಅಂತ ಕತೆ ಇದೆ. ಅವನ "ಆತ್ಮಕಥೆ" ಸುರುಳಿ, 777ನೇ ಇಸವಿಯದು, ಹುವಾಂಗ್ ನೋಡಿದ್ದು ಗಡೀಪಾರಿನ ಸಮಯದಲ್ಲೇ, ಫೂಲಿಂಗ್‌ನಲ್ಲಿ ಒಬ್ಬರ ಮನೇಲಿ. ಅದನ್ನ ಇಸ್ಕೊಂಡು ನಕಲು ಮಾಡಿ ಮಾಡಿ ಅವನ ಕೈ ತಿರುಗಿತು ಅಂತಾರೆ. ಆಮೇಲೆ ಸಿಚುವಾನ್ ಕಡೆ ನದೀಲಿ ಹೋಗುವಾಗ ಅಂಬಿಗರು ಹುಟ್ಟು ಹಾಕೋದು ನೋಡಿ ನನ್ನ ಬರಹ ಇನ್ನೂ ಸ್ವಲ್ಪ ಮುಂದೆ ಹೋಯ್ತು, ಅಲ್ಲೀವರೆಗೆ ಮನಸ್ಸು ಮುಟ್ಟಿದ ಕಡೆ ಕುಂಚ ಮುಟ್ತಿರ್ಲಿಲ್ಲ ಅಂತ ಅವನೇ ಬರೆದಿದಾನೆ. ಅಂದ್ರೆ ಮೆಟ್‌ನ ಸುರುಳಿ ಆದ ಮೇಲೂ ಕಲೀತಾನೇ ಇದ್ದ.

"ಆತ್ಮಕಥೆ" ಅಂತ ಈಗ ತೈಪೆಯ ನ್ಯಾಷನಲ್ ಪ್ಯಾಲೇಸ್ ಮ್ಯೂಸಿಯಂನಲ್ಲಿ ಇರೋದು ಏಳೂವರೆ ಮೀಟರ್ ಉದ್ದ, 700ರಷ್ಟು ಅಕ್ಷರ. ಹುವಾಂಗನ ಚುಕ್ಕಿ ಅದರಲ್ಲಿ ಸಿಗಲ್ಲ, ದಾರದ ಉಂಡೆ ಬಿಚ್ಚಿಕೊಂಡ ಹಾಗೆ ಗೆರೆ ಓಡ್ತಾನೇ ಇರುತ್ತೆ. ಮೆಟ್‌ನದು ನೋಡಿ ಆದ್ಮೇಲೆ ಪಕ್ಕದ ಟ್ಯಾಬಲ್ಲಿ ಇದನ್ನ ತೆಗೆದು ನೋಡಿ. ಕಣ್ಣಾರೆ ನೋಡೋಕೆ ತೈಪೆಗೆ ಹೋಗೋರು ಮೊದಲು ಮ್ಯೂಸಿಯಂ ಸೈಟ್ ನೋಡ್ಕೊಳ್ಳಿ, ವರ್ಷಗಟ್ಟಲೆ ಹೊರಗೆ ತರಲ್ಲ, ತಂದ್ರೂ ಕೆಲವೇ ವಾರ. ಹುವಾಂಗನದೇ ಇನ್ನೊಂದು ಬೀಜಿಂಗಿನ ಪ್ಯಾಲೇಸ್ ಮ್ಯೂಸಿಯಂನಲ್ಲಿದೆ, ತಾಂಗ್ ಕಾಲದ ಕವಿ ಲಿ ಬಾಯ್‌ನ ಪದ್ಯ ಬರೆದಿದ್ದು ಕ್ಯೋಟೋದ ಯೂರಿನ್‌ಕಾನ್ ಅನ್ನೋ ಖಾಸಗಿ ಮ್ಯೂಸಿಯಂನಲ್ಲಿದೆ. ಅವ್ರು ತಿಂಗಳಿಗೆ ಒಂದೆರಡು ಭಾನುವಾರ ಮಾತ್ರ ಬಾಗಿಲು ತೆಗೆಯೋದು, ಅದನ್ನ ನೋಡ್ಕೊಂಡೇ ಟಿಕೆಟ್ ಮಾಡಿಸಿ.